ಉಲ್ಟಾ ಬೂಟು ಬಿಚ್ಚಿಸುವ ಪುಟ್ಟಗಂಗಮ್ಮ

ಬೆಳಗಿನ ಬಿಸಿಲು ತೆಂಗಿನ ಗರಿ ದಾಟಿ ಇನ್ನೂ ಅಂಗಳಕ್ಕೆ ಇಳಿದಿಲ್ಲ. ಅರಳಗುಪ್ಪೆ ಕಡೆಯ ಪುಟ್ಟ ಊರೊಂದರ ಅಂಗನವಾಡಿಯಲ್ಲಿ ಸಹಾಯಕಿ ಪುಟ್ಟಗಂಗಮ್ಮ ಕಸ ಗುಡಿಸಿ, ನೀರು ತುಂಬಿಸಿ, ಬಾಗಿಲಲ್ಲಿ ಕೂತಿದ್ದಾರೆ. ನಾಲ್ಕು ವರ್ಷದ ಗಾನವಿ ಬಂದೊಡನೆ ದಿನದ ಮುಖ್ಯ ಕೆಲಸ ಶುರು. ಬಲಗಾಲಿನ ಬೂಟು ಕಳಚಿ ಎಡಗಾಲಿಗೆ, ಎಡಗಾಲಿನದು ಬಲಗಾಲಿಗೆ. ಮನೆಗೆ ಕಳಿಸುವಾಗ ಮತ್ತೆ ಮೊದಲಿನಂತೆ ಉಲ್ಟಾ.

ಹತ್ತೊಂಬತ್ತು ವರ್ಷದಿಂದ ಅವರು ಊರಿನ ಮಕ್ಕಳ ಮೂಗು ಒರೆಸುತ್ತಿದ್ದಾರೆ. ಒರೆಸಿಸಿಕೊಂಡವರಲ್ಲಿ ಕೆಲವರಿಗೆ ಈಗ ಮೀಸೆ ಬಂದಿದೆ. ಬೂಟಿನ ಕೆಲಸ ಮಾತ್ರ ಹೊಸದು, ಅದಕ್ಕೆ ಕಾರಣ ಗಾನವಿಯ ತಾತ ಮಲ್ಲಿಕಾರ್ಜುನಯ್ಯ. ಕೊಬ್ಬರಿಯನ್ನು ಕಿವಿ ಹತ್ತಿರ ಅಲ್ಲಾಡಿಸಿಯೇ ಗುಣ ಹೇಳುವ ವ್ಯಾಪಾರಿ, ಊರಿಗೆಲ್ಲ ಯಜಮಾನರು. ಮೊಮ್ಮಗಳು ಪಾದ ಒಳಕ್ಕೆ ತಿರುಗಿಸಿ ನಡೆಯುವುದನ್ನು ಕಂಡು ಔಷಧವನ್ನೂ ತಾವೇ ಕಂಡುಹಿಡಿದರು: ಬೂಟು ಉಲ್ಟಾ ಹಾಕಿದರೆ ಪಾದ ಹೊರಕ್ಕೆ ತಿರುಗುತ್ತದೆ! ಪಾದ ತಿರುಗಲಿಲ್ಲ, ಮಗು ಹೆಜ್ಜೆಗೊಮ್ಮೆ ಮುಗ್ಗರಿಸತೊಡಗಿತು.

ತಪಾಸಣೆಗೆ ಬಂದ ಡಾಕ್ಟರಮ್ಮ ಗಾನವಿಯನ್ನು ಬೋರಲು ಮಲಗಿಸಿ, ಮಂಡಿ ಮಡಚಿ, ಕಾಲು ಅತ್ತಿತ್ತ ವಾಲಿಸಿ ನೋಡಿದ್ದರು. ನೋವಿಲ್ಲ, ಎರಡೂ ಕಡೆ ಸಮ. ಎಳೆಯ ಮಕ್ಕಳ ತೊಡೆಮೂಳೆ ಸೊಂಟದ ಕೀಲಿನ ಬಳಿ ತುಸು ತಿರುಚಿರುತ್ತದೆ, ಬೆಳೆಯುತ್ತ ಎಂಟು ಹತ್ತು ವರ್ಷಕ್ಕೆ ತಾನಾಗಿ ಸರಿಹೋಗುತ್ತದೆ, ಬೂಟಿಗೂ ಅದಕ್ಕೂ ಸಂಬಂಧವಿಲ್ಲ ಎಂದಿದ್ದರು.

"ಯಜಮಾನ್ರಿಗೆ ಅದ್ನೇ ಹೇಳಕ್ಕೋದೆ. 'ಅವಮ್ಮನ ವಯಸ್ಸೆಷ್ಟು, ನನ್ ವಯಸ್ಸೆಷ್ಟು?' ಅಂದ್ರು. ಬಾಯ್ ಮುಚ್ಕಂಡು ಬಂದೆ ಕಣಪ್ಪ" ಎನ್ನುತ್ತಾರೆ ಪುಟ್ಟಗಂಗಮ್ಮ. ಅಂಗನವಾಡಿ ನಡೆಯುವ ಕೋಣೆಯೂ ಯಜಮಾನರದೇ. ಅವರು ಬೀಗ ಜಡಿದರೆ ಹದಿನೇಳು ಮಕ್ಕಳು ಬೀದಿಗೆ.

ಗುಟ್ಟು ಕಾಪಾಡುವ ಅಭ್ಯಾಸ ಮಕ್ಕಳಿಗೆಲ್ಲಿಯದು? "ಪುಟ್ಟಕ್ಕ ಇಂಗಲ್ಲ ಹಾಕದು" ಎಂದು ಗಾನವಿ ನಿನ್ನೆ ಸಂಜೆ ತಾತನಿಗೇ ಪಾಠ ಹೇಳಿದ್ದಾಳೆ. ಹಾಗಾಗಿ ಇಂದು ಮೊಮ್ಮಗಳ ಹಿಂದೆಯೇ ತಾತನೂ ಬಂದಿದ್ದಾರೆ, ಕೈಯಲ್ಲಿ ಬೀಗ.

"ನನ್ ಮೊಮ್ಮಗಳ ಕಾಲು ಹಾಳ್ ಮಾಡಕ್ಕೆ ನನ್ ಕೋಣೇನೇ ಬೇಕಾಗಿತ್ತೇನಮ್ಮ?"

ಪುಟ್ಟಗಂಗಮ್ಮ ಗಾನವಿಯ ಬೂಟನ್ನು ನೆಟ್ಟಗೆ ಹಾಕಿ ಮುಗಿಸಿಯೇ ತಲೆ ಎತ್ತುತ್ತಾರೆ. "ಬೀಗ ಹಾಕ್ರಿ ಯಜಮಾನ್ರೇ, ಬ್ಯಾಡ ಅನ್ನಲ್ಲ. ಅದಕ್ಮುಂಚೆ ನಿಮ್ ಚಪ್ಲೀನೂ ಉಲ್ಟಾ ಹಾಕ್ಕಂಡು ಆ ಕೊನೇ ತೆಂಗಿನ ಮರದ ತಾವ ಹೋಗ್ಬನ್ನಿ."

ಹಿಂದೆ ಸರಿಯುವ ಜಾಯಮಾನ ಅವರದಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಗತ್ತಿನಿಂದ ಹೊರಡುತ್ತಾರೆ. ಮಕ್ಕಳೆಲ್ಲ ಬಾಗಿಲಲ್ಲಿ ಹಾಜರು. ಮರ ಇನ್ನೂ ದೂರವಿರುವಾಗಲೇ ಯಜಮಾನರು ಮುಗ್ಗರಿಸಿ ದಾರಿಯ ತೆಂಗಿನ ಪಾತಿಯಲ್ಲಿ ದೊಪ್ಪನೆ ಕೂರುತ್ತಾರೆ. ಎಬ್ಬಿಸಲು ಎಲ್ಲರಿಗಿಂತ ಮೊದಲು ಓಡುವವಳು ಗಾನವಿ, ಪಾದ ಒಳಕ್ಕೆ ತಿರುಗಿಸಿಕೊಂಡೇ, ಎಲ್ಲೂ ಮುಗ್ಗರಿಸದೆ. ತಾತ ಆ ಕಾಲುಗಳನ್ನೇ ನೋಡುತ್ತಾ ಬೀಗವನ್ನು ಜೇಬಿಗಿಳಿಸುತ್ತಾರೆ.

"ಇಷ್ಟು ದಿನ ಉಲ್ಟಾ ಹಾಕಿದ್ಕೇ ಇಂಗ್ ಓಡ್ತಾವ್ಳೆ. ಇನ್ ಸಾಕು, ನೆಟ್ಟಗೇ ಹಾಕು" ಎಂದು ಗೊಣಗಿ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಯ ಕಡೆ ನಡೆಯುತ್ತಾರೆ.

ಪುಟ್ಟಗಂಗಮ್ಮ ಉಪ್ಪಿಟ್ಟಿಗೆ ರವೆ ಹುರಿಯಲು ಏಳುತ್ತಾರೆ. ಕಾಲು ತಾನಾಗಿ ಸರಿಹೋದ ಮೇಲೆ ಯಜಮಾನರು ತಾವೇ ಸರಿ ಮಾಡಿದ್ದು ಎಂದರೆ? ಹಾಗೆ ಕೇಳಿದರೆ ಅವರ ಉತ್ತರ ಸಿದ್ಧ.

"'ಹೂಂ ಕಣ್ರೀ, ನೀವೇ ಮಾಡಿದ್ದು' ಅಂತ ನಾನೂ ಅಂತೀನಿ ಬುಡಪ್ಪ. ಕೂಸು ಓಡ್ಬೇಕು, ಇಲ್ಲಿ ಒಲೆ ಉರೀಬೇಕು. ಹೆಸ್ರು ಯಾರ್ದಾದ್ರೇನು!"