ತೊಟ್ಟಿಲ ದಿನ ಬಾಗಿಲಿಗೆ ಪೊಲೀಸ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಷ್ಟು ಮಂದಿಗೆ ಹೇಳಿದರೂ ನನಗೆ ಸಾಲದು. ತರಕಾರಿಯವಳಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಪೆನ್ನು ಹಿಡಿದರೆ ಬೆರಳು ನೋಯುತ್ತವೆ. ಆದರೂ ಅವಳ ಕೆಂಪು ಅಂಗಾಲು ನೆನಪಾದರೆ ಬರೆಯಬೇಕು ಅನ್ನಿಸುತ್ತದೆ. ಬರೆಯಲು ಕೂತರೆ ಮಾತ್ರ ಅವಳಿಗೆ ಹೆಸರಿಟ್ಟ ದಿನವೇ ಮುಂದೆ ಬಂದು ನಿಲ್ಲುತ್ತದೆ. ತಲೆ ತಗ್ಗಿಹೋಗುತ್ತದೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕೂಸು ಎರೆಯುವುದೆಂದರೆ ಎದುರುಮನೆಯ ಅಕ್ಕನ ಕೈ. ಮಗಳು ಬಾಣಂತನಕ್ಕೆ ಬಂದಾಗ ನನ್ನ ಮೊಣಕಾಲು ಬಗ್ಗುತ್ತಿರಲಿಲ್ಲ. ಹನ್ನೆರಡು ದಿನ ಅಕ್ಕನೇ ಬಂದು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ರೂಢಿ. "ಮೊದಲನೇ ಗುದ್ದು ನಂದ ನೋಡು ತಂಗೀ, ಯಾರಿಗೂ ಬಿಟ್ಟುಕೊಡಾಂಗಿಲ್ಲ," ಎಂದು ಅಕ್ಕ ದಿನಾ ನಗುತ್ತಿದ್ದಳು.

ತೊಟ್ಟಿಲ ದಿನವೇ ಧಾರವಾಡದ ಕೋರ್ಟಿನಲ್ಲಿ ನಮ್ಮ ಕಡೆಯ ಇಲೆಕ್ಷನ್ ತೀರ್ಪಿನ ತಾರೀಖು ಬಂದು ಕೂತಿತು. ಮತ ಎಣಿಸಿದ್ದೇ ತಪ್ಪು ಎಂದು ಸೋತವರು ಕೇಸು ಹಾಕಿದ್ದರು. ಗಲಾಟೆ ಆದೀತೆಂದು ಪೊಲೀಸರು ಮುನ್ನಾದಿನವೇ ಜೀಪಿನಲ್ಲಿ ಮೈಕು ಕಟ್ಟಿ ಸಾರಿದರು: ಐದು ಜನ ಗುಂಪು ಸೇರಬಾರದು, ಸಭೆ ಇಲ್ಲ, ಮೆರವಣಿಗೆ ಇಲ್ಲ, ಪಟಾಕಿ ಇಲ್ಲ. ನಾನು ಠಾಣೆಗೆ ಹೋಗಿ ಕೈ ಮುಗಿದೆ.

"ಮನಿ ಕಾರ್ಯಕ್ಕ ಅಡ್ಡಿ ಇಲ್ರಿ ಅವ್ವಾರ," ಎಂದರು ಸಾಹೇಬರು. "ಆದ್ರ ಪಾರ್ಟಿ ಮಂದಿ ಕಂಡ್ರ ಬಂದ್ ಮಾಡಸ್ತೇವಿ."

ಅಕ್ಕನ ಮಗ ಸೋತವರ ಪಾರ್ಟಿಯ ಬಾವುಟ ಹಿಡಿದು ಓಡಾಡುವವನು. ಓಣಿಗೆಲ್ಲ ಗೊತ್ತು, ಠಾಣೆಗೂ ಗೊತ್ತು.

ತೊಟ್ಟಿಲ ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಪೊಲೀಸ್ ಬಂದು ನಿಂತ. ಕೆಲಗೇರಿಯಿಂದ ಬಂದ ಬೀಗರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಒಳಗೆ ಬಿಟ್ಟ. "ಕೂಸಿಗೆ ಹೆಸರ ಇಡಾಕ ಕರದೀರೋ, ಓಟ್ ಹಾಕಸಾಕ ಕರದೀರೋ ಬೀಗತೀ?" ಎಂದು ಬೀಗಿತಿ ಚುಚ್ಚಿದಳು. ನಾನು ನಕ್ಕೆ, ಕಣ್ಣು ಮಾತ್ರ ಪೊಲೀಸನ ಮೇಲೇ ಇತ್ತು.

ಆಗ ಅಕ್ಕ ಬಂದಳು. ಕೈಯಲ್ಲಿ ಕೂಸಿನ ತಲೆಗೆಂದು ತಾನೇ ಹೊಲಿದ ಖಣದ ಕುಂಚಿಗೆ. ಪೊಲೀಸ್ ಲಾಠಿ ಅಡ್ಡ ಹಿಡಿದ.

"ಇವರ ಮಗಾ ಪಾರ್ಟಿಯಾಂವ ಹೌದಲ್ರಿ? ಇವರು ನಿಮ್ಮ ಮಂದಿ ಏನ್ರಿ ಅವ್ವಾರ?"

ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. 'ನಮ್ಮಕ್ಕ ರೀ' ಅಂದಿದ್ದರೆ ಮುಗಿಯುತ್ತಿತ್ತು.

"ಅಲ್ರಿ," ಎಂದೆ. "ಎದುರುಮನಿಯಾಕಿ. ನಾವು ಕರದಿಲ್ಲ."

ಕುಂಕುಮ ಹಚ್ಚಿ ನಾನು ಕರೆದ ಮೊದಲ ಮನೆಯೇ ಅವಳದು. ಅಕ್ಕ ಪೊಲೀಸನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಕುಂಚಿಗೆಯನ್ನು ಅವನ ಕೈಗೆ ಕೊಟ್ಟು, "ಕೂಸಿಗೆ ಕೊಡ್ರಿ," ಎಂದು ತಿರುಗಿ ಹೋದಳು.

ಹೆಸರಿಟ್ಟರು. ಸೋದರತ್ತೆಯ ಬೆನ್ನಿಗೆ ಗುದ್ದು ಬಿದ್ದವು, ನಗೆ ಎದ್ದಿತು. ನನ್ನ ಕೈ ಮೇಲೆ ಏಳಲಿಲ್ಲ.

ಓಣಿಗೆ ಗುಗ್ಗರಿ ಹಂಚಿ ಕೊನೆಗೆ ಅಕ್ಕನ ಮನೆಗೆ ಹೋದೆ. ಮಗ ಚಪ್ಪಲಿ ಮೆಟ್ಟುತ್ತಿದ್ದ. "ಮುಗೀತೇನ್ರಿ ಕಾಕೂ? ನಿಮ್ಮ ತೊಟ್ಟಲಾ ಮುಗಿಯೂತನಕಾ ಹೊರಗ ಕಾಲಿಡಬ್ಯಾಡ, ನಿನ್ನ ಸಲುವಾಗಿ ಆ ಮನಿಗೆ ತ್ರಾಸ ಆಗಬಾರದು ಅಂತ ಅವ್ವ ಮುಂಜಾನಿಂದ ನನ್ನ ಮನ್ಯಾಗ ಕೂಡಸ್ಯಾಳ."

ನಾನು ಹೊಸ್ತಿಲಲ್ಲೇ ನಿಂತೆ.

"ಒಳಗ ಬಾ," ಎಂದಳು ಅಕ್ಕ, ಅಕ್ಕಿ ಆರಿಸುತ್ತ. "ನಾವು ಇಬ್ಬರು, ನೀ ಬಂದ್ರ ಮೂರು. ಪೊಲೀಸರು ಏನೂ ಅನ್ನೂದಿಲ್ಲ." ಮೊರ ಕೆಳಗಿಟ್ಟು ಕೇಳಿದಳು: "ಏನ ಹೆಸರಿಟ್ರಿ?"

ಮನೆಮನೆಗೆ ಗುಗ್ಗರಿ ಕೊಟ್ಟು ಕೂಗಿ ಹೇಳಿಬಂದ ಹೆಸರನ್ನು ಅವಳೆದುರು ತಲೆ ತಗ್ಗಿಸಿ, ಮೊರದ ಅಕ್ಕಿ ನೋಡುತ್ತ ಉಸುರಿದೆ.