ನಾನು ಕಾಣದ ನನ್ನ ಮನೆಯ ಗೋಡೆ

ಅಳತೆಪಟ್ಟಿಗೆ ಸಿಗದ ಯಾವುದನ್ನೂ ನಂಬದ ಮನುಷ್ಯ ನಾನು. ಮೈಸೂರಿನ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು. ಯಾರಾದರೂ ದೆವ್ವ, ಗಾಳಿ, ಶಕುನ ಎಂದು ಶುರು ಮಾಡಿದರೆ "ಅದರ ಉದ್ದ ಎಷ್ಟು, ಅಗಲ ಎಷ್ಟು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗೆ ಬಾಯಿ ಮುಚ್ಚಿಸಿಕೊಂಡವರು ಯಾರಾದರೂ ಇದನ್ನು ಓದಿದರೆ ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಿಲ್ಲ, ಏಕೆಂದರೆ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಆಗ ನಾನು ಸಿಲೋನಿನಲ್ಲಿ ಒಂದು ಮನೆಯ ಯಜಮಾನನಾದೆ. ಹೀಗೆಂದ ಕೂಡಲೇ ನನ್ನನ್ನು ದೊಡ್ಡ ಕುಳ ಎಂದುಕೊಳ್ಳಬೇಡಿ. ನನ್ನ ತಂದೆ ಕೊಲಂಬೊದಲ್ಲಿ ಬಹಳ ವರ್ಷ ಗುಮಾಸ್ತರಾಗಿ ದುಡಿದು, ಉಳಿಸಿದ್ದನ್ನೆಲ್ಲ ಅಲ್ಲಿಯೇ ಬಿಟ್ಟು ತೀರಿಕೊಂಡಿದ್ದರು. ಅದನ್ನು ಇಲ್ಲಿಗೆ ತರಿಸಲು ನಾನು ತುಂಬಿದ ಫಾರಂಗಳನ್ನು ಹಾಸಿದ್ದರೆ ನಮ್ಮ ಬೀದಿಯೇ ಮುಚ್ಚಿಹೋಗುತ್ತಿತ್ತು. ಇಲ್ಲಿಯ ಕಚೇರಿಯವರು ಅಲ್ಲಿಯವರ ಅನುಮತಿ ತನ್ನಿ ಎನ್ನುವರು, ಅಲ್ಲಿಯವರು ಇಲ್ಲಿಯವರ ಅನುಮತಿ ತನ್ನಿ ಎನ್ನುವರು. ನಡುವೆ ನನ್ನ ಚಪ್ಪಲಿ ಸವೆಯಿತು. ಕೊನೆಗೆ ಅಲ್ಲಿಯೇ ಕೆಲಸದಲ್ಲಿದ್ದ ನನ್ನ ಬಾಮೈದ ಚಿನ್ನಪ್ಪ, "ಭಾವ, ತರೋ ಯೋಚ್ನೆ ಬಿಟ್ಬುಡಿ. ಇಲ್ಲೇ ಒಂದು ಮನೆ ತಗೊಂಡು ಬಾಡಿಗೆಗೆ ಕೊಡೋಣ, ನಾನು ನೋಡ್ಕೋತೀನಿ" ಎಂದು ಬರೆದ. ಬೇಸತ್ತಿದ್ದ ನಾನು ಒಪ್ಪಿಬಿಟ್ಟೆ. ಕಂಡವರ ಮನೆಯ ನಕ್ಷೆಯಲ್ಲಿ ದಿನವಿಡೀ ತಪ್ಪು ಹುಡುಕುತ್ತಿದ್ದವನು, ಅಂಚೆಯಲ್ಲಿ ಬಂದ ಒಂದು ಹಳೆಯ ನಕ್ಷೆಯನ್ನು ನೋಡಿ, ಎಂದೂ ಕಾಣದ ಮನೆಯನ್ನು ಕೊಂಡುಕೊಂಡೆ.

ಇದರಲ್ಲಿ ತಮಾಷೆಯೆಂದರೆ ಮೈಸೂರಿನಲ್ಲಿ ನಾನೇ ಬಾಡಿಗೆಯವನು. ಆರು ಮನೆಗಳ ಒಂದು ವಠಾರದಲ್ಲಿ ನಾನೂ ನನ್ನ ಹೆಂಡತಿ ಸೆಲಿನಳೂ ಇದ್ದೆವು. ವಠಾರದ ಯಜಮಾನರು ಶಿವಣ್ಣನವರು, ಹಿನಕಲ್ಲಿನ ಬೇಸಾಯದ ಮನೆತನದವರು. ಮನುಷ್ಯ ಒಳ್ಳೆಯವರೇ. ಆದರೆ ಸೋರುವ ಮಾಡಿನ ಮಾತೆತ್ತಿದರೆ, ಬಂದು, ಕೈ ಹಿಂದೆ ಕಟ್ಟಿ, ಹೆಂಚನ್ನು ಬಹಳ ಹೊತ್ತು ದಿಟ್ಟಿಸಿ, "ನೋಡೋಣ ಬುಡಿ ಸಾರ್" ಎಂದು ಹೊರಟುಬಿಡುತ್ತಿದ್ದರು. ಎರಡು ಮಳೆಗಾಲ ನಾವು ಆ ನೋಡೋಣದ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿದೆವು. ಮನೆ ಬಾಡಿಗೆಗೆ ಕೊಟ್ಟವನು ಹೇಗೆ ನಡೆದುಕೊಳ್ಳಬೇಕೆಂದು ನನಗೆ ಬೇರೆ ಯಾರು ಕಲಿಸಬೇಕಿತ್ತು?

ಕಚೇರಿಯಲ್ಲಿ ವಿಷಯ ಬಾಯಿಂದ ಬಾಯಿಗೆ ಹರಡಿ ನನಗೆ 'ಸಿಲೋನ್ ಸಾಹುಕಾರ್' ಎಂದು ಹೆಸರು ಬಿತ್ತು. ಪಕ್ಕದ ಮೇಜಿನ ರಂಗಪ್ಪನಂತೂ ದಿನಾ ಬೆಳಗ್ಗೆ, "ಏನ್ ಸಾಹುಕಾರ್ರೇ, ಸಮುದ್ರ ದಾಟಿ ಬಾಡಿಗೆ ವಸೂಲಿಗೆ ಹೋಗಿದ್ರಾ?" ಎಂದು ಕೇಳುವನು. ಮೊದಮೊದಲು ನಕ್ಕೆ. ಆಮೇಲೆ ಆ ಮನೆಯ ಹೆಸರೆತ್ತಿದರೇ ಮೈ ಉರಿಯತೊಡಗಿತು.

ಹೀಗಿರುವಾಗ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬಂದು ಜಗಲಿಯ ಮೇಲೆ ಪೇಪರು ಹಿಡಿದು ಕುಳಿತಿದ್ದೆ. ಹನ್ನೊಂದು ಗಂಟೆ ಇರಬಹುದು, ಬಿಸಿಲು ಚುರುಗುಟ್ಟುತ್ತಿತ್ತು. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ವಠಾರದ ಬಾಗಿಲು ದಾಟಿ ನೇರ ನನ್ನ ಮುಂದೆ ಬಂದು ನಿಂತಳು. ಮಾಸಿದ ಕಂದು ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಮಂಡಕಳ್ಳಿಯ ಕಡೆಯಿಂದ ಸಂತೆಗೆ ಬಂದವಳ ಹಾಗೆ ಕಂಡಳು.

"ಸಿಲೋನಲ್ಲಿ ಮನೆ ಇರೋರು ನೀವೇಯಾ ಸಾಮಿ?" ಎಂದಳು.

ಹೌದು ಎಂದೆ.

"ನಿಮ್ಮನೆ ಇತ್ಲಗ್ವಾಡೆ ಉಬ್ಬದೆ. ಒಸಿ ನೋಡ್ಸಿ."

ಹಿತ್ತಿಲ ಕಡೆಯ ಗೋಡೆ ಉಬ್ಬಿದೆಯಂತೆ, ನೋಡಿಸಬೇಕಂತೆ! ನನಗೆ ತಕ್ಷಣ ರಂಗಪ್ಪನ ಮುಖ ಕಣ್ಣಮುಂದೆ ಬಂತು. ಯಾರಮ್ಮ ಕಳಿಸಿದ್ದು ಎಂದು ಕೇಳಿದೆ. "ಯಾರೂ ಕಳುಸ್ನಿಲ್ಲ. ಏಳ್ಬೇಕು ಅನ್ನುಸ್ತು, ಬಂದೆ" ಎಂದಳು. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಸೆಲಿನ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಹೆಂಗಸು ಎತ್ತಿ ಕುಡಿದು, ನಲ್ಲಿಯಲ್ಲಿ ಲೋಟ ತೊಳೆದು, ಜಗಲಿಯ ಮೇಲೆ ಬೋರಲು ಹಾಕಿದಳು. ನಾನು ದೊಡ್ಡ ಮನಸ್ಸು ಮಾಡಿ "ಆಗಲಿ, ನೋಡೋಣ" ಎಂದೆ. ಹೋದಳು.

ಸೋಮವಾರ ಕಚೇರಿಯಲ್ಲಿ ರಂಗಪ್ಪನಿಗೆ ಸರಿಯಾಗಿ ಬಯ್ದೆ. ವಯಸ್ಸಾದ ಹೆಂಗಸನ್ನು ಬಿಸಿಲಲ್ಲಿ ಅಲೆಸಿ ತಮಾಷೆ ಮಾಡುತ್ತೀಯಾ ಎಂದೆ. ಅವನು ಮಕ್ಕಳ ಮೇಲೆ ಆಣೆ ಇಟ್ಟು ತನಗೇನೂ ಗೊತ್ತಿಲ್ಲ ಎಂದ. ಆಮೇಲೆ ವಿಷಯವೇನೆಂದು ಬಿಡಿಸಿ ಕೇಳಿ, ಕುರ್ಚಿಯಿಂದ ಬೀಳುವ ಹಾಗೆ ನಕ್ಕ. ಬಯ್ಯಲು ಹೋಗಿ ಅವನ ಕೈಗೆ ನಾನೇ ಹೊಸ ಕೋಲು ಕೊಟ್ಟ ಹಾಗಾಯಿತು.

ಎರಡು ವಾರ ಬಿಟ್ಟು, ಮತ್ತೆ ಭಾನುವಾರ, ಮತ್ತೆ ಅದೇ ಹೊತ್ತಿಗೆ ಅವಳು ಬಂದಳು. "ಗ್ವಾಡೆ ನೋಡುಸ್ದ್ರಾ ಸಾಮಿ?" ಈ ಸಲ ಇವಳ ಬಣ್ಣ ಬಯಲು ಮಾಡಲೇಬೇಕೆಂದು ನಾನು ಒಳಗಿನಿಂದ ನಕ್ಷೆ ತಂದು ಜಗಲಿಯ ಮೇಲೆ ಬಿಡಿಸಿದೆ. ನಾಲ್ಕು ಮೂಲೆಗೂ ಕಲ್ಲು ಇಟ್ಟೆ. ಎಲ್ಲಿ ತೋರಿಸಿ ನೋಡೋಣ ಎಂದೆ. ನಕ್ಷೆಯೆಂದರೆ ಏನೆಂದು ಅವಳಿಗೆ ತಿಳಿದಿರಲಾರದು ಎಂಬುದು ನನ್ನ ಲೆಕ್ಕ. ಅವಳು ಬಗ್ಗಿ ಒಂದು ಗಳಿಗೆ ನೋಡಿ, ಅಡುಗೆಮನೆಯ ಗೆರೆಯಾಚೆಗೆ, ಖಾಲಿ ಕಾಗದದ ಮೇಲೆ ಬೆರಳಿಟ್ಟಳು.

"ಅಲ್ಲಿ ಏನೂ ಇಲ್ಲಮ್ಮ. ಮನೆ ಈ ಗೆರೆಗೇ ಮುಗೀತು" ಎಂದೆ, ಗೆದ್ದವನ ಹಾಗೆ.

"ನಿಮ್ಮ ಕಾಗ್ದದಲ್ಲಿ ಮುಗುದದೆ. ಅಲ್ಲಿ ಮುಗುದಿಲ್ಲ. ಇನ್ನೊಂದು ಕೋಣೆ ಸೇರುಸವ್ರೆ."

ನಕ್ಷೆಯ ವಿಷಯದಲ್ಲಿ ನನಗೆ ಯಾರೂ ಎದುರಾಡಿದ್ದಿಲ್ಲ. ನನ್ನ ದನಿ ಏರಿತು. ಕೊಂಡವನು ನಾನು, ಕಾಗದ ಇರುವುದು ನನ್ನ ಹತ್ತಿರ, ಇಲ್ಲದ ಕೋಣೆಯನ್ನು ನೀವು ಎಲ್ಲಿಂದ ತರುತ್ತೀರಿ ಎಂದು ಕೂಗಾಡಿದೆ. ಪಕ್ಕದ ಮನೆಯ ಪುಟ್ಟಮ್ಮ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ನೀವು ಸ್ವಲ್ಪ ಯೋಚಿಸಿ. ನಾನೇ ಕಾಣದ ಮನೆಯ ಬಗ್ಗೆ, ಅದನ್ನು ಕಂಡಿರಲು ಸಾಧ್ಯವೇ ಇಲ್ಲದವಳ ಜೊತೆ, ಮೈಸೂರಿನ ನಡುಬಿಸಿಲಲ್ಲಿ ಜಗಳವಾಡುತ್ತಿದ್ದೆ. ಕೊನೆಗೆ ಸಾಕಾಗಿ "ನೋಡೋಣ ಬುಡಿ" ಎಂದುಬಿಟ್ಟೆ. ಥೇಟ್ ಶಿವಣ್ಣನವರ ರಾಗ. ಒಳಗೆ ಸೆಲಿನ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಊಟಕ್ಕೆ ಕೂತಾಗ ಅವಳು, "ಚಿನ್ನಪ್ಪಂಗೆ ಒಂದು ಕಾಗದ ಹಾಕಿದ್ರೆ ಏನು ಹೋಗುತ್ರೀ?" ಎಂದಳು. ಮರ್ಯಾದೆ ಹೋಗುತ್ತದೆ ಎಂದೆ. ಬೀದಿಯಲ್ಲಿ ಹೋಗುವವರು ಹೇಳಿದರೆಂದು ಗೋಡೆ ನೋಡಿಸುವುದಾದರೆ, ನಾಳೆ ಬಾವಿ ಬತ್ತಿದೆ ಎಂದು ಇನ್ನೊಬ್ಬರು ಬರುತ್ತಾರೆ ಎಂದೆ.

ಮೂರನೆಯ ಸಲ ಆ ಹೆಂಗಸು ಬಂದದ್ದು ತಿಂಗಳಾದ ಮೇಲೆ. ಆ ದಿನ ಜಗಲಿ ಹತ್ತಲೇ ಇಲ್ಲ. ಕೆಳಗೇ ನಿಂತು, ನನ್ನನ್ನು ಬಿಟ್ಟು ಬಾಗಿಲಲ್ಲಿದ್ದ ಸೆಲಿನಳನ್ನು ನೋಡಿ ಹೇಳಿದಳು. "ಆ ಗ್ವಾಡೆ ಬುಡದಲ್ಲೇ ಮಗೀನ ಮನಗುಸ್ತಾವ್ರೆ ಕಣವ್ವ. ಎಂಟು ತಿಂಗಳ ಕೂಸು. ನಾನಿನ್ನು ಬರಾಕಾಗಕಿಲ್ಲ."

ನನ್ನ ತಾಳ್ಮೆ ಹಾರಿಹೋಯಿತು. "ಏನಮ್ಮ, ನನ್ನ ಹೊಟ್ಟೆ ಉರಿಸೋಕೇ ಬರ್ತೀಯಾ? ಸಮುದ್ರದಾಚೆ ಇರೋ ಗೋಡೆ ನಿನಗೆ ಹೇಗೆ ಕಾಣ್ಸುತ್ತೆ?" ಎಂದು ಏಕವಚನದಲ್ಲೇ ಅಬ್ಬರಿಸಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಹೆದರಲೂ ಇಲ್ಲ. "ನಂಗೆ ಕಂಡು ಏನು ಸಾಮಿ, ಮನೆ ನಿಮ್ದು" ಎಂದು ತಿರುಗಿ ನಡೆದಳು.

ಸೆಲಿನ ಒಳಗೆ ಹೋಗಿ ನನ್ನ ಕೋಟು ತಂದು ಎದುರಿಗೆ ಹಿಡಿದಳು. "ಹೋಗಿ ತಂತಿ ಕೊಟ್ಟು ಬನ್ನಿ. ನೀವು ಹೋಗ್ದಿದ್ರೆ ನಾನೇ ಹೋಗ್ತೀನಿ. ಮಗು ಅಂದ್ಳು, ಕೇಳಿಸ್ಲಿಲ್ವಾ?" ಮದುವೆಯಾಗಿ ಹತ್ತು ವರ್ಷದಲ್ಲಿ ಅವಳು ನನ್ನ ಜೊತೆ ಆ ದನಿಯಲ್ಲಿ ಮಾತಾಡಿರಲಿಲ್ಲ. ಹೋದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾನು ಹೋದದ್ದು ಮಗುವಿಗಾಗಿ ಅಲ್ಲ. ಅಲ್ಲಿ ಕೋಣೆಯೂ ಇಲ್ಲ, ಕೂಸೂ ಇಲ್ಲ ಎಂದು ಚಿನ್ನಪ್ಪನಿಂದ ಉತ್ತರ ಬರಿಸಿ, ಅದನ್ನು ಹೆಂಡತಿಯ ಮುಂದೂ ಆ ಹೆಂಗಸಿನ ಮುಂದೂ ಹಿಡಿಯಬೇಕೆಂದು ಹೋದೆ.

ತಂತಿ ಕಚೇರಿಯ ಗುಮಾಸ್ತ ನಾನು ಬರೆದದ್ದನ್ನು ಎರಡು ಸಲ ಓದಿದ. ಹಿತ್ತಿಲ ಗೋಡೆ ತಕ್ಷಣ ನೋಡು, ಮಗುವನ್ನು ಅಲ್ಲಿ ಮಲಗಿಸಬೇಡಿ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿದ್ದೆ. "ಗೋಡೆ ನೋಡು ಅಂತ ಸಿಲೋನಿಗೆ ತಂತಿನಾ ಸಾರ್? ಏನಾದ್ರೂ ಗುಟ್ಟಿನ ಸಂಕೇತವಾ?" ಎಂದು ಕೇಳಿದ. ಕಳಿಸಪ್ಪ ಮಾರಾಯ ಎಂದೆ. ಹಿಂದೆ ನಿಂತಿದ್ದವರು ನಕ್ಕರು.

ಹತ್ತು ದಿನ ಕಳೆದು ಚಿನ್ನಪ್ಪನ ಕಾಗದ ಬಂತು. ಅದರ ಸಾರಾಂಶ ಹೀಗಿತ್ತು. ಮನೆಯಲ್ಲಿರುವವರು ಸಿಂಹಳೀಯರು. ಗಂಡ ಒಂದು ಕಾರ್ಖಾನೆಯ ಕೆಲಸಗಾರ, ಹೆಂಡತಿ, ಒಂದು ಕೂಸು. ತಂತಿ ನೋಡಿ ಚಿನ್ನಪ್ಪ ನಗುತ್ತಲೇ ಹೋದನಂತೆ. ಅಡುಗೆಮನೆಯ ಹಿಂದೆ ನಿಜವಾಗಿಯೂ ಒಂದು ಕೋಣೆ ಇತ್ತು. ಮನೆ ಮಾರಿದವನು ಯಾರನ್ನೂ ಕೇಳದೆ ಕಟ್ಟಿಸಿ, ನಮಗೆ ಹಳೆಯ ನಕ್ಷೆ ಕೊಟ್ಟಿದ್ದ. ಚಿನ್ನಪ್ಪನೂ ಮುಂಬಾಗಿಲು ದಾಟಿ ಒಳಗೆ ಹೋಗಿ ನೋಡಿದವನಲ್ಲ. ಆ ಕೋಣೆಯ ಗೋಡೆಗೆ ಒಳಗಡೆ ಆಳೆತ್ತರದ ಬೀರು ಒರಗಿಸಿದ್ದರು, ಹೊರಗಡೆ ದಟ್ಟವಾಗಿ ಬಳ್ಳಿ ಹಬ್ಬಿತ್ತು. ಗೋಡೆ ಕೆಟ್ಟಿದೆಯೆಂದು ಆ ಗಂಡಹೆಂಡತಿಗೂ ಗೊತ್ತಿರಲಿಲ್ಲ. ಬೀರು ಸರಿಸಿದರೆ ಕೈ ತೂರುವಷ್ಟು ಬಿರುಕು. ಬೀರುವಿನ ಪಕ್ಕದಲ್ಲೇ ತೊಟ್ಟಿಲು. ಅವತ್ತೇ ಅವರನ್ನು ಮುಂದಿನ ಕೋಣೆಗೆ ಸಾಗಿಸಿದನಂತೆ. ಮೂರನೆಯ ದಿನ ಮಳೆ ಹೊಡೆದು ಗೋಡೆ ಒಳಮುಖವಾಗಿ ಬಿತ್ತು. "ತೊಟ್ಟಿಲಿದ್ದ ಜಾಗದಲ್ಲಿ ಈಗ ಮೊಣಕಾಲೆತ್ತರ ಇಟ್ಟಿಗೆ ಬಿದ್ದಿದೆ ಭಾವ. ಆ ತಾಯಿ ನನ್ನ ಕೈ ಹಿಡ್ಕೊಂಡು ಅತ್ತಳು. ನಿಮಗೆ ಯಾರು ಹೇಳಿದ್ದು?" ಎಂದು ಕಾಗದ ಮುಗಿದಿತ್ತು.

ಓದಿ ಮುಗಿಸಿ ವಾರಗಳನ್ನು ಎಣಿಸಿದೆ. ಮೊದಲ ಭಾನುವಾರದಿಂದ ತಂತಿಯ ದಿನದವರೆಗೆ ಆರು ವಾರ. ಆರು ವಾರ ಆ ಕೂಸು ಆ ಗೋಡೆಯ ಕೆಳಗೆ ಮಲಗಿತ್ತು, ನಾನು ಇಲ್ಲಿ ಮರ್ಯಾದೆ ಕಾಯುತ್ತಿದ್ದೆ.

ನನಗೆ ಗೊತ್ತಿದ್ದ ದಾರಿಯಲ್ಲೆಲ್ಲ ವಿಚಾರಿಸಿದೆ. ಆ ಮನೆಯಲ್ಲಿ ಹಿಂದೆ ಮೈಸೂರು ಕಡೆಯ ಕೆಲಸದವಳು ಯಾರಾದರೂ ಇದ್ದಳೇ ಎಂದು ಚಿನ್ನಪ್ಪನಿಗೆ ಬರೆದೆ. ಇರಲಿಲ್ಲ. ಇದ್ದಿದ್ದರೂ ಬೀರುವಿನ ಹಿಂದಿನ ಬಿರುಕು, ಹೊಸ ಬಾಡಿಗೆಯವರ ತೊಟ್ಟಿಲು ಅವಳಿಗೆ ಹೇಗೆ ತಿಳಿಯಬೇಕು? ನನಗೆ ಭ್ರಮೆಯಾಗಿತ್ತು ಎನ್ನೋಣವೆಂದರೆ, ಸೆಲಿನಳೂ ಪುಟ್ಟಮ್ಮನೂ ಅವಳನ್ನು ಕಂಡಿದ್ದರು. ಅಶೋಕಪುರಂ, ಮಂಡಕಳ್ಳಿ, ಸಂತೆಯ ದಿನಗಳ ಮಾರುಕಟ್ಟೆ, ಎಲ್ಲ ಕಡೆ ಅಲೆದೆ. ಕಂದು ಸೀರೆ, ಬಟ್ಟೆ ಚೀಲ ಎಂದು ಗುರುತು ಹೇಳಿದರೆ ಜನ ನನ್ನ ಮುಖ ನೋಡುತ್ತಿದ್ದರು. ಅಂಥವರು ಊರಲ್ಲಿ ಸಾವಿರ ಜನ.

ಚಿನ್ನಪ್ಪನ ಪ್ರಶ್ನೆಗೆ ನಾನು ಸುಳ್ಳು ಉತ್ತರ ಬರೆದೆ. ನಕ್ಷೆ ನೋಡುತ್ತಿದ್ದಾಗ ಅನುಮಾನ ಬಂತು ಎಂದೆ. ಆ ಕೋಣೆಯೇ ಇಲ್ಲದ ನಕ್ಷೆಯಲ್ಲಿ ಅದು ಹೇಗೆ ಕಂಡಿತು ಎಂದು ಅವನೂ ಕೇಳಲಿಲ್ಲ. ಆ ಸುಳ್ಳು ನನಗೆ ಸುತ್ತಿಕೊಂಡದ್ದನ್ನು ಏನು ಹೇಳಲಿ. ಅವನು ಊರಿಗೆ ಬಂದಾಗ ಚರ್ಚಿನಲ್ಲಿ, ಬೀದಿಯಲ್ಲಿ ಎಲ್ಲರಿಗೂ ಹೇಳಿದ. ಕಾಗದ ನೋಡಿಯೇ ಕೆಟ್ಟ ಗೋಡೆ ಹಿಡಿಯುವ ಮಹಾನುಭಾವನಾದೆ ನಾನು. ಜನ ನಕ್ಷೆ ಸುರುಳಿ ಸುತ್ತಿಕೊಂಡು ಬರತೊಡಗಿದರು. ರಂಗಪ್ಪ ತನ್ನ ಮಾವನ ಮನೆಯದನ್ನು ತಂದ. ಶಿವಣ್ಣನವರು ವಠಾರದ್ದನ್ನೇ ತಂದು, "ಒಸಿ ನೋಡೇಳಿ ಸಾರ್, ಎಲ್ಲಾರ ಬೀಳ್ತದಾ?" ಎಂದರು. ಕಾಗದದಲ್ಲಿ ನನಗೇನೂ ಕಾಣುವುದಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಹಾಗೆಂದು ಚೆನ್ನಾಗಿದೆ ಎಂದು ಹೇಳಿ ಕಳಿಸಲೂ ಮನಸ್ಸು ಒಪ್ಪುತ್ತಿರಲಿಲ್ಲ. ಆದ್ದರಿಂದ ರಜೆಯ ದಿನಗಳಲ್ಲಿ ಸೈಕಲ್ ಹತ್ತಿ ಪ್ರತಿ ಮನೆಗೂ ಹೋಗಿ, ಬೀರು ಸರಿಸಿ, ಗೋಡೆ ತಟ್ಟಿ, ಮಕ್ಕಳು ಎಲ್ಲಿ ಮಲಗುತ್ತವೆ ಎಂದು ಕೇಳಿ ಬರುತ್ತಿದ್ದೆ. ಬಯ್ದುಕೊಂಡೇ ಹೋಗುತ್ತಿದ್ದೆ. ಈಗಲೂ ಯಾರಾದರೂ ಕರೆದರೆ ಹೋಗುತ್ತೇನೆ.

ಸಿಲೋನಿನ ಮನೆಯನ್ನು ಮುಂದೆ ಚಿನ್ನಪ್ಪನಿಗೇ ಬಿಟ್ಟುಕೊಟ್ಟು ಕೈತೊಳೆದುಕೊಂಡೆ. ಅದನ್ನು ಕೊನೆಗೂ ಕಾಣಲಿಲ್ಲ. ಅದಕ್ಕೂ ಮೊದಲು ಆ ಕೂಸಿನ ತಾಯಿ ಯಾರಿಂದಲೋ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿ ಕಳಿಸಿದ್ದಳು. ನಾವು ದಿನಾ ಪ್ರಾರ್ಥನೆಯಲ್ಲಿ ನೆನೆಯಬೇಕು, ನಮಗೆ ಹೇಳಿ ಕಳಿಸಿದವರ ಹೆಸರೇನು ಎಂದು ಅದರಲ್ಲಿ ಕೇಳಿದ್ದಳು. ಉತ್ತರ ಬರೆಯಲು ಕೂತೆ. ನನ್ನ ಹೆಸರು ಬರೆಯಲು ಲೇಖನಿ ಏಳಲಿಲ್ಲ. ಆ ಹೆಂಗಸಿನ ಹೆಸರು ಬರೆಯೋಣವೆಂದರೆ, ಮೂರು ಸಲ ನನ್ನ ಬಾಗಿಲಿಗೆ ಬಂದವಳನ್ನು ನಾನು ಒಂದು ಸಲವೂ ನಿಮ್ಮ ಹೆಸರೇನಮ್ಮ ಎಂದು ಕೇಳಿರಲಿಲ್ಲ.