ಟವೆಲ್ ಹಾಕಿ ಹಿಡಿದ ಜಾಗ

ಡಚ್ಚರ ನಾಡಿನ ಹೂಫ್‌ಡಾರ್ಪ್ ಸುತ್ತಮುತ್ತಲಿನ ಕನ್ನಡದವರು ಕಷ್ಟ ಬಂದರೆ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ವಾಸಂತಿಗೆ ಫೋನ್ ಮಾಡುತ್ತಾರೆ. ದೇವರು ತಡಮಾಡಿದರೂ ಮಾಡಬಹುದು, ವಾಸಂತಿ ಕೂಡಲೇ ಎತ್ತುತ್ತಾಳೆ. ಹಾಗಂತ ಅವಳು ವಕೀಲಳಲ್ಲ, ಯಾವ ಸಂಘದ ಅಧ್ಯಕ್ಷೆಯೂ ಅಲ್ಲ. ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. "ನಮ್ಮತ್ತೆ ಇದನ್ನೇ ಜೀವನಪೂರ್ತಿ ಪುಕ್ಕಟೆ ಮಾಡಿದ್ರು, ನನಗೆ ಸಂಬಳ ಕೊಡ್ತಾರೆ" ಎಂದು ನಗುತ್ತಾಳೆ. ಮೈಸೂರಿನವಳು, ಐವತ್ತು ದಾಟಿದೆ, ಮಂಡಿ ನೋವಿದೆ, ಸೈಕಲ್ ಬಿಟ್ಟಿಲ್ಲ.

ಅವಳಿಗೆ ಬರುವ ವಿದ್ಯೆ ಒಂದೇ: ಕೇಳುವುದು. ಇದೇನು ದೊಡ್ಡ ವಿದ್ಯೆ ಎನ್ನಬೇಡಿ. ಪರದೇಶದಲ್ಲಿ ನಮ್ಮವರು ಕೇಳಬೇಕಾದವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುತ್ತಾರೆ. ತೆರಿಗೆಯ ವಿಷಯ ಜಿಮ್ಮಿನಲ್ಲಿ ಸಿಕ್ಕವನನ್ನು ಕೇಳುತ್ತಾರೆ, ವೀಸಾ ವಿಷಯ ವಾಟ್ಸಾಪ್ ಗ್ರೂಪನ್ನು ಕೇಳುತ್ತಾರೆ. ಗ್ರೂಪಿನಲ್ಲಿ ಯಾರೋ ಒಬ್ಬರ ಭಾವಮೈದನ ಗೆಳೆಯನಿಗೆ ಏನೋ ಆಗಿತ್ತಂತೆ ಎಂಬಲ್ಲಿಗೆ ಅದು ಶಾಸನವಾಗುತ್ತದೆ. ಕಚೇರಿಯ ಬಾಗಿಲು ತಟ್ಟಲು ಮಾತ್ರ ಎಲ್ಲರಿಗೂ ಅಂಜಿಕೆ.

ವಾಸಂತಿಯೂ ಮೊದಲು ಹಾಗೇ ಇದ್ದಳು. ಗಂಡ ಸೋಮಶೇಖರನ ಜೊತೆ ಬಂದ ಮೊದಲ ಚಳಿಗಾಲದಲ್ಲಿ ತಪ್ಪು ಬಸ್ಸು ಹತ್ತಿದ್ದಳು. ತಪ್ಪೆಂದು ಗೊತ್ತಾದರೂ ಕೇಳಲು ನಾಚಿಕೆ. ಬಸ್ಸು ಡಿಪೋ ಸೇರಿ ದೀಪಗಳು ಆರಿದಾಗ ಹಿಂದಿನ ಸೀಟಿನಲ್ಲಿ ಅಳುತ್ತ ಕೂತಿದ್ದಳು. ಡ್ರೈವರ್ ಹೆಂಗಸು ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, ಸರಿಯಾದ ಬಸ್ಸಿಗೆ ಹತ್ತಿಸಿ, "ಮುಂದಿನ ಸಲ ಕೇಳು ಹುಡುಗಿ" ಎಂದಳು. ಅವತ್ತಿನಿಂದ ವಾಸಂತಿ ಕೇಳುತ್ತಲೇ ಇದ್ದಾಳೆ. "ಕೇಳಿದ್ರೆ ಗಂಟೇನು ಹೋಗುತ್ತೆ?" ಎನ್ನುವುದು ಅವಳ ಮಂತ್ರ. ತಪ್ಪುತಪ್ಪು ಡಚ್‌ನಲ್ಲಿ, ಧೈರ್ಯವಾಗಿ, ಉತ್ತರ ಸಿಗುವ ತನಕ ಕೇಳುತ್ತಾಳೆ.

ಹೋದ ವಸಂತದಲ್ಲಿ ಅವಳು ಒಬ್ಬ ಹಿರಿಯರನ್ನು ಊಟಕ್ಕೆ ಕರೆದಳು. ಅವರು ಈಶ್ವರಪ್ಪ. ಗದಗ ಜಿಲ್ಲೆಯ ರೋಣದವರು, ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿರುವ ಮಗಳು ಸ್ಮೃತಿಯ ಮನೆಗೆ ಬಂದಿದ್ದರು. ಹಿರಿಯರನ್ನು ಮಕ್ಕಳ ಮೂಲಕ ಕರೆಯುವುದು ಸರಿಯಲ್ಲವೆಂದು ವಾಸಂತಿ ಅವರಿಗೇ ಫೋನ್ ಮಾಡಿದಳು.

"ನೀವು ಕರದ್ರ ಬಾಯಾರ, ನಾ ಬಾರದ ಇರ್ತೀನೇನು?" ಎಂದರು ಈಶ್ವರಪ್ಪ. "ಕಟಕ ರೊಟ್ಟಿ ನಾನೇ ತರ್ತೀನಿ. ನೀವು ಬರೇ ಎಣ್ಣಿಗಾಯಿ ಮಾಡ್ರಿ."

ಶನಿವಾರ ವಾಸಂತಿ ಎಣ್ಣೆಗಾಯಿ ಮಾಡಿ ಕಾದಳು. ರೊಟ್ಟಿ ಬರಲಿಲ್ಲ. ಸ್ಮೃತಿಯ ಫೋನ್ ಬಂತು. ಆ ಹುಡುಗಿಗೆ ಅಳು ತಡೆದು ಮಾತಾಡಲು ಆಗುತ್ತಿರಲಿಲ್ಲ.

ಆದದ್ದು ಇಷ್ಟು. ಸ್ಮೃತಿ, ಅವಳ ಗಂಡ ಸಂದೀಪ್, ಈಶ್ವರಪ್ಪ ಮೂವರೂ ರಾಟರ್‌ಡ್ಯಾಮ್ ನಿಲ್ದಾಣದಲ್ಲಿ ನಿಂತಿದ್ದರು. ಪ್ಲಾಟ್‌ಫಾರ್ಮಿನ ಒಂದು ಬದಿಗೆ ಇವರ ರೈಲು ಬರುವುದಿತ್ತು, ಇನ್ನೊಂದು ಬದಿಗೆ ಬೇರೊಂದು ರೈಲು ಬಂದು ನಿಂತಿತು. ಜನ ನುಗ್ಗುವುದನ್ನು ನೋಡಿದ ಈಶ್ವರಪ್ಪನವರ ರಕ್ತದಲ್ಲಿದ್ದ ರೋಣದ ಬಸ್ ಸ್ಟ್ಯಾಂಡ್ ಎದ್ದುಬಿಟ್ಟಿತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿ ಸೀಟು ಹಿಡಿದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಾಳು ಸವೆಸಿದ ಮನುಷ್ಯ. ಯಾರಾದರೂ ಬಂದು ಜಾಗ ಖಾಲಿಯೇ ಎಂದರೆ "ಬರ್ತಾರ" ಎನ್ನುವುದು. ಯಾರು ಬರ್ತಾರೆ ಎಂದು ಎದುರಿನವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಟವೆಲ್ ಬಿದ್ದ ಮೇಲೆ ಆ ಜಾಗಕ್ಕೆ ಯಜಮಾನರಿದ್ದಾರೆ, ಅಷ್ಟೇ. ಮಗಳು ಅಳಿಯ ಫಲಕ ನೋಡುತ್ತಿರುವಷ್ಟರಲ್ಲಿ ಈಶ್ವರಪ್ಪ ಆ ಇನ್ನೊಂದು ರೈಲು ಹತ್ತಿ, ಎದುರಿನ ಸೀಟಿಗೆ ಟವೆಲ್ ಹಾಸಿದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಸ್ಮೃತಿ ತಿರುಗಿ ನೋಡಿದಾಗ ಅವರು ಕಿಟಕಿಯಿಂದ ಖುಷಿಯಾಗಿ ಕೈಬೀಸಿ ಕರೆಯುತ್ತಿದ್ದರು, ಜಾಗ ಸಿಕ್ಕಿದೆ ಬನ್ನಿ ಎಂದು. ರೈಲು ಗಡಿಯಾಚೆಯ ಬ್ರಸೆಲ್ಸ್‌ಗೆ ಹೊರಟುಹೋಯಿತು.

ಕಳೆದುಹೋದೀತೆಂದು ಅವರ ಫೋನು ಸ್ಮೃತಿಯ ಚೀಲದಲ್ಲಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯೂ ಅಲ್ಲೇ ಇತ್ತು. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಸಂದೀಪ್ ಮುಂದಿನ ರೈಲಿನಲ್ಲಿ ಆಂಟ್ವೆರ್ಪ್‌ಗೆ ಓಡಿದ. ಮಾವ ಮೊದಲ ನಿಲ್ದಾಣದಲ್ಲಿ ಇಳಿದಿರುತ್ತಾರೆಂದು ಅವನ ಲೆಕ್ಕ. ಮೇಲೆ ಕೆಳಗೆ ಎಲ್ಲ ಹುಡುಕಿದ, ಸಿಗಲಿಲ್ಲ. ಬ್ರಸೆಲ್ಸ್‌ಗೂ ಹೋಗಿ ನೋಡಿ ಬರಿಗೈಲಿ ಮರಳಿದ.

ವಾಸಂತಿ ಆ ಸಂಜೆಯೇ ಕಾಪೆಲ್ಲೆಗೆ ಹೋದಳು. ಸಂದೀಪ್ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಪೊಲೀಸರಿಗೆ ಹೇಳಿದ್ರಾ?" ಎಂದಳು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. "ಅಕ್ಕ, ನನ್ನ ಸಿಚುಯೇಶನ್ ನಿಮಗೆ ಗೊತ್ತಲ್ಲ" ಎಂದ ಸಂದೀಪ್. "ಜಾಬ್ ಹೋಗಿದೆ. ಹೊಸದು ಸಿಗೋವರೆಗೆ ಪರ್ಮಿಟ್ ಕತ್ತಿ ನೇತಾಡ್ತಿದೆ. ಈಗ ಪೊಲೀಸ್ ಕೇಸ್ ಅಂತಾದ್ರೆ ಮುಗೀತು. ಗ್ರೂಪಲ್ಲೂ ಎಲ್ಲಾ ಅದೇ ಹೇಳ್ತಿದ್ದಾರೆ. ವೇಟ್ ಮಾಡಿ, ತಾನೇ ಬರ್ತಾರೆ ಅಂತ."

ವಾಸಂತಿಗೆ ಸಿಟ್ಟು ನೆತ್ತಿಗೇರಿತು. ಆದರೆ ಎದುರಿಗೆ ಕೂತವನು ಕೆಟ್ಟವನಲ್ಲ, ಹೆದರಿದವನು. ಅದು ಅವಳಿಗೆ ಗೊತ್ತಿತ್ತು. ಡಿಪೋದಲ್ಲಿ ನಿಂತ ಬಸ್ಸು ಅವಳಿಗೆ ಇನ್ನೂ ನೆನಪಿದೆ.

"ಕೇಸ್ ಆಗುತ್ತೆ ಅಂತ ಯಾರು ಹೇಳಿದ್ದು? ಪೊಲೀಸರು ಹೇಳಿದ್ರಾ?"

"ಇಲ್ಲ."

"ನೀನು ಕೇಳಿದೆಯಾ?"

"ಇಲ್ಲ."

"ಏಳು. ಕೇಳೋಣ."

ಠಾಣೆಯಲ್ಲಿ ವಾಸಂತಿ ಸುತ್ತಿ ಬಳಸಲಿಲ್ಲ. ಈ ಹುಡುಗನ ಮಾವ ಕಳೆದುಹೋಗಿದ್ದಾರೆ, ಇವನಿಗೆ ಕೆಲಸವಿಲ್ಲ, ದೂರು ಕೊಟ್ಟರೆ ವಾಸದ ಪರವಾನಗಿಗೆ ತೊಂದರೆಯಾಗುತ್ತದೆಯೇ ಎಂದು ನೇರ ಕೇಳಿದಳು. ಮೇಜಿನ ಹಿಂದಿದ್ದ ಅಧಿಕಾರಿಣಿ ಪೆನ್ನು ಕೆಳಗಿಟ್ಟು ಸಂದೀಪನನ್ನೇ ನೋಡಿದಳು. "ಕಳೆದುಹೋದವರನ್ನು ಹುಡುಕುವುದು ನಮ್ಮ ಕೆಲಸ. ಅದಕ್ಕೂ ನಿಮ್ಮ ಪರವಾನಗಿಗೂ ಸಂಬಂಧವಿಲ್ಲ. ಇಷ್ಟು ಹೊತ್ತು ಯಾಕೆ ಬರಲಿಲ್ಲ?" ಎಂದಳು. ಸಂದೀಪ್ ಅಲ್ಲೇ ಅತ್ತುಬಿಟ್ಟ. ದೂರು ದಾಖಲಾಯಿತು, ಗಡಿಯಾಚೆಗೂ ಸುದ್ದಿ ಹೋಯಿತು. ಆದರೆ ವಾರಾಂತ್ಯ, ಎರಡು ದೇಶ, ಮೂರು ಭಾಷೆ. ಬೇಗ ಉತ್ತರ ಬರುತ್ತದೆಂದು ಭರವಸೆ ಕೊಡಲಾರೆ ಎಂದಳು ಅವಳು.

ಭಾನುವಾರ ಬೆಳಿಗ್ಗೆ ಸ್ಮೃತಿಯ ಊಟದ ಮೇಜೇ ವಾಸಂತಿಯ ಕಚೇರಿಯಾಯಿತು. ಆಸ್ಪತ್ರೆ, ಠಾಣೆ, ನಿರಾಶ್ರಿತರ ತಂಗುದಾಣ ಒಂದನ್ನೂ ಬಿಡಲಿಲ್ಲ. ಕೆಲವರು ಫ್ರೆಂಚ್ ಮಾತಾಡಿ ಫೋನ್ ಇಟ್ಟರು. ಅವಳು ಮತ್ತೆ ಮಾಡಿದಳು. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಎಲ್ಲೋ ಒಂದು ಕಡೆ ಸಿಕ್ಕೇ ಸಿಗ್ತಾರೆ ಕಣೇ" ಎಂದು ಸ್ಮೃತಿಗೆ ಧೈರ್ಯ ಹೇಳುತ್ತಲೇ ಇದ್ದಳು. ಆ ಧೈರ್ಯ ಅವಳಿಗೇ ಸಾಲುತ್ತಿರಲಿಲ್ಲ. ಮಾತ್ರೆಯಿಲ್ಲದೆ ಒಂದು ದಿನ ಕಳೆದಿತ್ತು. ಕರೆದವಳು ತಾನು. ತನ್ನ ಮನೆಯ ಊಟಕ್ಕೆಂದೇ ಅವರು ಹೊರಟದ್ದು.

ಮಧ್ಯಾಹ್ನದ ಹೊತ್ತಿಗೆ ಬ್ರಸೆಲ್ಸ್‌ನ ಒಂದು ಠಾಣೆಯಲ್ಲಿ ಡಚ್ ಬಲ್ಲ ಅಧಿಕಾರಿಯೊಬ್ಬ ಸಿಕ್ಕ. ಅವನ ಧ್ವನಿಯಲ್ಲಿ ದಣಿವಿತ್ತು.

"ಒಬ್ಬ ಮುದುಕನಿದ್ದಾನೆ, ನಿನ್ನೆ ರೈಲಿನಿಂದ ಇಳಿಸಿ ತಂದದ್ದು. ನಿಮ್ಮವನಲ್ಲ ಅನಿಸುತ್ತದೆ" ಎಂದ. "ಹೆಸರು ಕೇಳಿದರೆ ಬಾಯಿ ಬಿಡುವುದಿಲ್ಲ. ಹಿಂದಿ ದುಭಾಷಿಯನ್ನು ಕರೆಸಿದೆವು, ತಲೆ ತಗ್ಗಿಸಿ ಕೂತ. ಕಾಗದಪತ್ರ ಏನೂ ಇಲ್ಲ. ನಿಮ್ಮವರಿಗೆ ಬುದ್ಧಿ ಸರಿಯಾಗಿದೆ ಎಂದಿರಲ್ಲ, ಈತನಿಗೆ ಅದು ಸರಿಯಿದ್ದಂತಿಲ್ಲ."

"ಯಾಕೆ ಹಾಗಂತೀರಿ?"

"ಬೆಂಚಿನ ಮೇಲೆ ತನ್ನ ಪಕ್ಕ ಒಂದು ಬಟ್ಟೆ ಹಾಸಿಕೊಂಡಿದ್ದಾನೆ. ಅಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ. ನಾವು ತೆಗೆದರೆ ಮತ್ತೆ ಹಾಸುತ್ತಾನೆ. ಇನ್ನೊಬ್ಬ ಬಂಧಿತ ಕೂರಲು ಹೋದ, ಜಗಳವೇ ಆಯಿತು. ಏನೋ ಪೂಜೆಯೋ ಭ್ರಮೆಯೋ ತಿಳಿಯದು. ನಾಳೆ ಬೆಳಿಗ್ಗೆ ವೈದ್ಯರು ನೋಡಿದ ಮೇಲೆ ದಾಖಲೆ ಇಲ್ಲದವರ ಕೇಂದ್ರಕ್ಕೆ ಕಳಿಸುತ್ತೇವೆ."

ವಾಸಂತಿ ಕುರ್ಚಿಯಿಂದ ಎದ್ದು ನಿಂತಳು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಆತ ಹುಚ್ಚನಲ್ಲ ಸ್ವಾಮಿ" ಎಂದಳು ತನ್ನ ಡಚ್‌ನಲ್ಲಿ. "ಸೀಟು ಹಿಡಿದಿದ್ದಾರೆ."

"ಏನು?"

"ಮನೆಯವರಿಗೆ ಜಾಗ ಕಾಯ್ದಿರಿಸಿದ್ದಾರೆ. ನಮ್ಮ ಕಡೆ ಬಸ್ಸಿನಲ್ಲಿ ಹಾಗೇ. ದಯವಿಟ್ಟು ಅವರನ್ನು ಎಲ್ಲಿಗೂ ಕಳಿಸಬೇಡಿ. ಆ ಬಟ್ಟೆಯನ್ನೂ ತೆಗೆಯಬೇಡಿ. ನಾವು ಬರುತ್ತಿದ್ದೇವೆ."

ಒಮ್ಮೆ ಆ ಕೇಂದ್ರದ ಗೇಟಿನೊಳಗೆ ಹೋದರೆ ಹೆಸರಿಲ್ಲದ ಮನುಷ್ಯನನ್ನು ಹೊರಗೆ ತರಲು ವಾರಗಳೋ ತಿಂಗಳೋ ಬೇಕು. ಅದನ್ನು ವಾಸಂತಿ ಬೇರೆಯವರ ಪಾಡಿನಲ್ಲಿ ನೋಡಿದ್ದಳು. ಪಾಸ್‌ಪೋರ್ಟ್, ಮಾತ್ರೆ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಹಿಡಿದು ಮೂವರೂ ರೈಲು ಹತ್ತಿದರು. ಸ್ಮೃತಿಗೆ ಒಂದೇ ಚಿಂತೆ. "ನಮ್ಮಪ್ಪಗ ಮಾತಿಗೇನ ಬರಗಾಲ ಇಲ್ಲಕ್ಕ. ಕಲ್ಲನ್ನೂ ಮಾತಾಡಸ್ತಾನ. ಹೆಸರ ಹೇಳಾಕ ಏನಾಗೇತಿ?" ಎಂದು ದಾರಿಯುದ್ದಕ್ಕೂ ಕೇಳಿದಳು. ವಾಸಂತಿಗೂ ಅದು ಬಗೆಹರಿಯಲಿಲ್ಲ.

ಠಾಣೆಯಲ್ಲಿ ಫೋನಿನ ಅಧಿಕಾರಿಯೇ ಕಾಯುತ್ತಿದ್ದ. ಎತ್ತರದ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಒಂದು ಉದ್ದನೆಯ ಕೋಣೆಗೆ ಕರೆದೊಯ್ದ. ಗೋಡೆಗೆ ಒತ್ತಿದ ಬೆಂಚಿನ ತುದಿಯಲ್ಲಿ, ಮಗಳು ಕೊಡಿಸಿದ ದಪ್ಪ ಜಾಕೆಟ್ಟಿನೊಳಗೆ, ಈಶ್ವರಪ್ಪ ಕುಳಿತಿದ್ದರು. ಪಕ್ಕದಲ್ಲಿ ಬಿಳಿ ಟವೆಲ್ಲು ಸುಕ್ಕಿಲ್ಲದಂತೆ ಉದ್ದಕ್ಕೆ ಹಾಸಿತ್ತು.

"ಅಪ್ಪಾ!" ಎಂದು ಸ್ಮೃತಿ ಓಡಿದಳು.

ಈಶ್ವರಪ್ಪ ಒಂದು ಗಳಿಗೆ ಅವಳನ್ನು ನೋಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು.

ಸ್ಮೃತಿ ಅಲ್ಲೇ ನಿಂತುಬಿಟ್ಟಳು. ಅಧಿಕಾರಿ ವಾಸಂತಿಯ ಕಡೆ ನೋಡಿ, ನಾನು ಹೇಳಿರಲಿಲ್ಲವೇ ಎಂಬಂತೆ ಭುಜ ಕುಣಿಸಿದ. ಆಗ ಗೋಡೆಯ ಕಡೆಯಿಂದ ಸಣ್ಣ ಧ್ವನಿ ಬಂತು.

"ಸುಮ್ನ ಹೊರಗ ಹೋಗವ್ವ. ನನ್ನ ಗುರುತ ಹಿಡೀಬ್ಯಾಡ. ನಿನ್ನ ಗಂಡನ ಪರ್ಮಿಟ್ ಹೋಗತೈತಿ."

ವಾಸಂತಿಗೆ ಈಗ ಅರ್ಥವಾಯಿತು. ಮನೆಯಲ್ಲಿ ಮುಚ್ಚಿದ ಬಾಗಿಲ ಹಿಂದೆ ಮಗಳು ಅಳಿಯ ಪರ್ಮಿಟ್ ಬಗ್ಗೆ ಪಿಸುಗುಟ್ಟಿದ್ದನ್ನೆಲ್ಲ ಈ ಮನುಷ್ಯ ಕೇಳಿಸಿಕೊಂಡಿದ್ದರು. ಪೊಲೀಸರ ಕೈಗೆ ಸಿಕ್ಕ ಮೇಲೆ ತನ್ನ ಹೆಸರು ಹೇಳಿದರೆ ಮಗಳ ಹೆಸರು ಬರುತ್ತದೆ, ಅವಳ ಸಂಸಾರ ಬೀದಿಗೆ ಬೀಳುತ್ತದೆ ಎಂದು, ಹಸಿದು, ಮಾತ್ರೆಯಿಲ್ಲದೆ, ಹುಚ್ಚನೆನ್ನಿಸಿಕೊಂಡು ಕೂತಿದ್ದರು. ಮಾತುಗಾರ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವಳು ನೋಯುವ ಮಂಡಿ ಊರಿ ಅವರ ಮುಂದೆ ಕೂತಳು.

"ಈಶ್ವರಪ್ಪನವರೇ, ನಾನು ವಾಸಂತಿ. ನಿಮ್ಮನ್ನ ಊಟಕ್ಕೆ ಕರೆದಿದ್ದೆ. ಹೆಸರು ಹೇಳಿ, ಏನೂ ಆಗಲ್ಲ."

"ನಿಮಗ ಹೆಂಗ ಗೊತ್ತು?"

"ಕೇಳಿದ್ದೀನಿ."

"ಯಾರನ್ನ ಕೇಳೀರಿ?"

"ಪೊಲೀಸರನ್ನೇ ಕೇಳಿದ್ದೀನಿ. ನಿಮ್ಮ ಅಳಿಯನೂ ಜೊತೇಲಿದ್ದ. ಪರ್ಮಿಟ್ಟಿಗೂ ಇದಕ್ಕೂ ಸಂಬಂಧ ಇಲ್ಲ ಅಂದ್ರು."

ಅವರು ಸಂದೀಪನ ಮುಖ ನೋಡಿದರು. ಅವನು ಹೌದೆಂದು ತಲೆಯಾಡಿಸಿದ. "ತಪ್ಪಾಯ್ತು ಮಾವ. ನಾನೂ ಹೆದರಿ ಕೂತಿದ್ದೆ. ಅಕ್ಕ ಎಳಕೊಂಡು ಹೋದ್ರು" ಎಂದ.

"ಖರೇನ?"

"ಖರೇ ಮಾವ."

ಈಶ್ವರಪ್ಪ ಎದ್ದು ನಿಂತರು. ಜಾಕೆಟ್ಟು ಸರಿಮಾಡಿಕೊಂಡು, ಆ ಎತ್ತರದ ಅಧಿಕಾರಿಯ ಎದುರು ನಿಂತು ಗಟ್ಟಿಯಾಗಿ, ತನ್ನ ಹೆಸರು, ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಎಲ್ಲ ಹೇಳಿದರು. ಅಷ್ಟೂ ಹೊತ್ತು ತಡೆದಿಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಬಂತು. ಅಧಿಕಾರಿಗೆ ಒಂದಕ್ಷರ ತಿಳಿಯದಿದ್ದರೂ ಪಾಸ್‌ಪೋರ್ಟ್ ತೆರೆದು ಫೋಟೋ ನೋಡಿ, ಕುಲುಕಲು ಕೈ ಮುಂದೆ ಚಾಚಿದ.

ಕಾಗದಗಳು ಸಿದ್ಧವಾಗುವ ತನಕ ಕಾಯಬೇಕಿತ್ತು. ಈಶ್ವರಪ್ಪ ಬೆಂಚಿನ ಬಳಿ ಬಂದು ಟವೆಲ್ ಎತ್ತಿ, ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಕುಂದರ್ರಿ. ಯಾರಿಗೂ ಬಿಟ್ಟಿಲ್ಲ" ಎಂದರು.

ಸ್ಮೃತಿ ಅಪ್ಪನ ಭುಜಕ್ಕೆ ಒರಗಿ ಕೂತಳು. ಅವಳ ಪಕ್ಕ ಸಂದೀಪ್ ಕೂತ. ಟವೆಲ್ ಹಾಸಿದ್ದ ಜಾಗದಲ್ಲಿ ಇನ್ನೂ ಒಬ್ಬರಿಗಾಗುವಷ್ಟು ಉಳಿದಿತ್ತು. ವಾಸಂತಿ ನಿಂತೇ ಇದ್ದಳು.

"ಅದು ಯಾರಿಗೆ?" ಎಂದಳು.

"ನಿಮಗರೀ ಬಾಯಾರ" ಎಂದರು ಈಶ್ವರಪ್ಪ. "ಊಟಕ್ಕ ಕರದವ್ರು ಹುಡಿಕ್ಕೊಂಡು ಬಾರದ ಇರ್ತಾರೇನು?"

ಎಲ್ಲರನ್ನೂ ಎಲ್ಲವನ್ನೂ ಕೇಳುವ ವಾಸಂತಿ ಮತ್ತೇನೂ ಕೇಳದೆ ಹೋಗಿ ಕೂತಳು.